ಕಲ್ಲು ಯಾರ ಸಾಕ್ಷಿ? ಆಳಂದದ ರಾಮಯ್ಯ, ಬಾಗೇವಾಡಿಯ ಬಸವಣ್ಣ ಮತ್ತು ನಾವು

೧

"ಬಸವಣ್ಣ ಖರೇನ ಇದ್ದನೇನು?" ಎಂದು ಕೇಳಿದರೆ ನಮ್ಮ ಕಡೆ ಎರಡು ಥರದ ಉತ್ತರ ಬರುತ್ತವೆ. ಒಂದು ಸಿಟ್ಟಿನ ಉತ್ತರ: ಹಂಗ ಕೇಳೂದೇ ತಪ್ಪು, ಕೇಳಿದಾಂವ ಧರ್ಮದ್ರೋಹಿ. ಇನ್ನೊಂದು ಜಾಣರ ಉತ್ತರ: ಎಲ್ಲಾ ಪುರಾಣ ಬಿಡ್ರಿ, ಯಾರು ಕಂಡಾರ. ಎರಡೂ ಉತ್ತರಗಳು ಮಾಡುವ ಕೆಲಸ ಒಂದೇ. ಪ್ರಶ್ನೆಯನ್ನು ಅಂಗಳದಾಗೇ ನಿಲ್ಲಿಸಿ ವಾಪಸು ಕಳಿಸುತ್ತವೆ. ಅಂಗಳದಾಚೆ ನಿಂತು ರೂಢಿಯಾದ ನಮ್ಮಂಥ ಮಂದಿಯಾದರೂ ಈ ಪ್ರಶ್ನೆಯನ್ನು ಒಳಗೆ ಕರೆದು, ಕೂಡಿಸಿ, ಮಾತಾಡಿಸಬೇಕು.

ಇದು ಬರೇ ಪಂಡಿತರ ಜಗಳವಲ್ಲ. ೨೦೧೮ರ ಮಾರ್ಚಿಯಲ್ಲಿ ರಾಜ್ಯ ಸರಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬೇಕೆಂದು ಕೇಂದ್ರಕ್ಕೆ ಶಿಫಾರಸು ಮಾಡಿತು. ಆಗ ಧರ್ಮದ ಸ್ಥಾಪಕ ಯಾರು ಎಂಬ ಮಾತು ಬೀದಿಗೆ ಬಂತು. ಬಸವಣ್ಣ ಎಂದವರು ಒಂದು ಕಡೆ, ಲಿಂಗದಿಂದ ಹುಟ್ಟಿಬಂದ ಪಂಚಾಚಾರ್ಯರು ಎಂದವರು ಇನ್ನೊಂದು ಕಡೆ. ೨೦೨೪ರ ಜನವರಿಯಲ್ಲಿ ಸರಕಾರ ಬಸವಣ್ಣನನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಘೋಷಣೆಯಿಂದ ಒಬ್ಬ ಮನುಷ್ಯ ಇದ್ದ ಎಂದು ಸಿದ್ಧವಾಗುವುದಿಲ್ಲ. ಲಿಂಗದಿಂದ ಹುಟ್ಟಿದ ಎಂಬ ಮಾತಿನಿಂದಂತೂ ಆಗುವುದೇ ಇಲ್ಲ.

"ಅದು ಅವರವರ ಜಗಳ, ಹೊಲಗೇರಿಗೇನು ಸಂಬಂಧ?" ಎಂದು ಗೆಳೆಯರು ಕೇಳುತ್ತಾರೆ. ಸಂಬಂಧ ಇದೆ. ಬಸವಣ್ಣನನ್ನು ತೂಗುವ ತಕ್ಕಡಿಯೊಳಗೇ ಮಾದಾರ ಚೆನ್ನಯ್ಯನೂ ಕೂಡುತ್ತಾನೆ, ಡೋಹರ ಕಕ್ಕಯ್ಯನೂ ಕೂಡುತ್ತಾನೆ, ಹರಳಯ್ಯನೂ ಕೂಡುತ್ತಾನೆ. ಬಸವಣ್ಣನಿಗೆ ಬೇಕಾದ ಸಾಕ್ಷಿ ಎಂಥದು ಎಂಬುದನ್ನು ನಾವು ಗೊತ್ತುಮಾಡಿಕೊಳ್ಳದಿದ್ದರೆ, ನಾಳೆ ನಮ್ಮವರ ಇರವನ್ನು ಯಾರೋ ಗೊತ್ತುಮಾಡುತ್ತಾರೆ.

೨

ಈ ಮೊಕದ್ದಮೆಯೊಳಗೆ ನಮ್ಮ ಆಳಂದಕ್ಕೆ ಒಂದು ಪಾಲು ಇದೆ. ಆಳಂದದ ಬಹಳ ಮಂದಿಗೇ ಅದು ಗೊತ್ತಿಲ್ಲ.

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನಲ್ಲಿ ಅಬ್ಬಲೂರು ಎಂಬ ಊರಿದೆ. ಅಲ್ಲಿನ ಗುಡಿಯಲ್ಲಿ ಒಂದು ದೊಡ್ಡ ಶಾಸನವಿದೆ. ಕಲ್ಲಿನ ಮೇಲೆ ಇಸವಿ ಇಲ್ಲ. ಒಳಗೆ ಬರುವ ಅರಸರ ಹೆಸರು ನೋಡಿ ಸುಮಾರು ಕ್ರಿ.ಶ. ೧೨೦೦ರದು ಎಂದು ಹೇಳುತ್ತಾರೆ. ಅದರಲ್ಲಿ ಬರುವ ಕಥಾನಾಯಕ ಆಳಂದೆಯವನು. ಆಳಂದೆ ಎಂದರೆ ಇಂದಿನ ಆಳಂದ. ಚಾಲುಕ್ಯರ ಕಾಲಕ್ಕೆ ಆಳಂದೆ ಸಾಸಿರ ಎಂಬ ನಾಡಿಗೇ ಹೆಸರು ಕೊಟ್ಟ ಊರು. ಅಲ್ಲಿ ಪುರುಷೋತ್ತಮ ಭಟ್ಟನೆಂಬ ಶೈವ ಬ್ರಾಹ್ಮಣ. ಜೈನರು ಬೌದ್ಧರು ಹೆಚ್ಚಿದರೆಂದು ನಾರದ ಹೋಗಿ ಶಿವನಿಗೆ ದೂರು ಹೇಳುತ್ತಾನೆ. ಶಿವ ವೀರಭದ್ರನಿಗೆ ಅಪ್ಪಣೆ ಕೊಡುತ್ತಾನೆ. ವೀರಭದ್ರನ ಅಂಶದಿಂದ ಭಟ್ಟನಿಗೆ ರಾಮ ಎಂಬ ಮಗ ಹುಟ್ಟುತ್ತಾನೆ. ಏಕಾಂತದಲ್ಲಿ ಶಿವನನ್ನು ನೆನೆದದ್ದಕ್ಕೆ ಅವನು ಏಕಾಂತದ ರಾಮಯ್ಯ.

ಈ ರಾಮಯ್ಯ ಆಳಂದೆ ಬಿಟ್ಟು ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಹೋಗುತ್ತಾನೆ. ಅಲ್ಲಿಂದ ಅಬ್ಬಲೂರಿಗೆ ಬರುತ್ತಾನೆ. ಅಲ್ಲಿನ ಜೈನರಿಗೂ ಇವನಿಗೂ ವಾದ ಬೀಳುತ್ತದೆ. ಪಣ ಕಟ್ಟುತ್ತಾರೆ, ಪಣವನ್ನು ಓಲೆಯ ಮೇಲೆ ಬರೆಯುತ್ತಾರೆ. ರಾಮಯ್ಯ ತನ್ನ ತಲೆ ಕೊಯ್ದು ಶಿವನಿಗೆ ಒಪ್ಪಿಸುತ್ತಾನೆ. ಏಳು ದಿನದ ಮೇಲೆ ತಲೆ ಮತ್ತೆ ಕೂಡುತ್ತದೆ. ಜೈನರು ಮಾತಿಗೆ ತಪ್ಪುತ್ತಾರೆ. ರಾಮಯ್ಯ ಜಿನಬಿಂಬ ಒಡೆಯುತ್ತಾನೆ. ದೂರು ಬಿಜ್ಜಳನ ತನಕ ಹೋಗುತ್ತದೆ. ರಾಮಯ್ಯ ಓಲೆ ತೋರಿಸಿ, ಬೇಕಾದರೆ ಇನ್ನೊಮ್ಮೆ ತಲೆ ಕೊಯ್ಕೋತೀನಿ, ನೀವು ನಿಮ್ಮ ಬಸದಿಗಳನ್ನು ಪಣಕ್ಕಿಡ್ರಿ ಎನ್ನುತ್ತಾನೆ. ಜೈನರು ಹಿಂಜರಿಯುತ್ತಾರೆ. ಬಿಜ್ಜಳ ಜಯಪತ್ರ ಕೊಟ್ಟು ಗೋಗಾವೆ ಎಂಬ ಊರನ್ನು ಗುಡಿಗೆ ದತ್ತಿ ಬಿಡುತ್ತಾನೆ. ಆಮೇಲೆ ಚಾಲುಕ್ಯ ನಾಲ್ವಡಿ ಸೋಮೇಶ್ವರ ಅಬ್ಬಲೂರನ್ನೇ ಕೊಡುತ್ತಾನೆ. ಹಾನಗಲ್ಲಿನ ಕದಂಬರ ಕಾಮದೇವ ಇನ್ನೊಂದು ಊರು ಕೊಡುತ್ತಾನೆ. ಈ ಕತೆಯ ಚಿತ್ರವನ್ನೂ ಗುಡಿಯಲ್ಲಿ ಕೆತ್ತಿ, ಅದರ ಮೇಲೆ ಇದು ಇಂಥ ಪ್ರಸಂಗ ಎಂದು ಬರೆದಿದ್ದಾರೆ.

೩

ಈ ಕಲ್ಲನ್ನು ಓದಿ ಅಚ್ಚು ಹಾಕಿಸಿದವನು ಜಾನ್ ಫೇಯ್ತ್‌ಫುಲ್ ಫ್ಲೀಟ್. ಮುಂಬಯಿ ಪ್ರಾಂತದ ಬ್ರಿಟಿಷ್ ಅಧಿಕಾರಿ. ಕನ್ನಡ ಶಾಸನಗಳಿಗೆ ಅವನು ಮಾಡಿದ ಕೆಲಸವನ್ನು ಯಾರೂ ಅಲ್ಲಗಳೆಯಲಾರರು. ೧೮೯೮-೯೯ರ ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸಿ ಅವನು ಒಂದು ತೀರ್ಮಾನವನ್ನೂ ಕೊಟ್ಟ. ಬಸವಣ್ಣನ ಕತೆ ಇರುವುದು ಪುರಾಣಗಳಲ್ಲಿ, ಪುರಾಣಗಳು ಕಾಲದಿಂದ ದೂರದವು, ನಂಬಲಿಕ್ಕಾಗದವು. ಸಮೀಪದ ಕಾಲದ ಕಲ್ಲಿನ ಮೇಲೆ ಇರುವವನು ರಾಮಯ್ಯ. ಆದ್ದರಿಂದ ಈ ಪಂಥಕ್ಕೆ ಹೊಸ ಜೀವ ಕೊಟ್ಟ ನಿಜವಾದ ಪುರುಷ ಆಳಂದೆಯ ಏಕಾಂತದ ರಾಮಯ್ಯ.

ಒಂದು ಕಲ್ಲಿನ ಬಲದ ಮೇಲೆ ಸ್ಥಾಪಕನ ಪೀಠ ಬಾಗೇವಾಡಿಯಿಂದ ಆಳಂದಕ್ಕೆ ಬಂತು. ಆಳಂದದವರು ಹೆಮ್ಮೆಪಡುವ ಮೊದಲು ಈ ತೀರ್ಪನ್ನು ಬಿಚ್ಚಿ ನೋಡಬೇಕು.

ಫ್ಲೀಟ್ ಕೇಳಿದ ಪ್ರಶ್ನೆ ಸರಿಯಾದದ್ದು. ಯಾವಾಗ ಬರೆದರು? ಯಾರು ಬರೆದರು? ಬರೆದವನಿಗೂ ಘಟನೆಗೂ ಎಷ್ಟು ದೂರ? ಪುರಾಣವನ್ನು ಪುರಾಣವೆಂದು ಹೇಳುವ ಧೈರ್ಯ ಅವನಿಗಿತ್ತು. ಅಷ್ಟನ್ನು ನಾವು ಅವನಿಂದ ಕಲಿಯೋಣ.

ಎಡವಿದ್ದು ಎಲ್ಲಿ? ಮೊದಲನೆಯದು, ಸಮೀಪದ ಕಾಲದ ಕಲ್ಲು ಎಂದರೆ ಖರೇ ಹೇಳುವ ಕಲ್ಲು ಎಂದು ನಂಬಿದ್ದರಲ್ಲಿ. ಏಳು ದಿನದ ಮೇಲೆ ಕಡಿದ ತಲೆ ಕೂಡಿತು ಎಂದು ಹೇಳುವುದೂ ಅದೇ ಕಲ್ಲೇ. ನಾರದ, ವೀರಭದ್ರ ಎಲ್ಲ ಅಲ್ಲಿಯೂ ಇದ್ದಾರೆ. ಓಲೆಯ ಮೇಲಿದ್ದರೆ ಪುರಾಣ, ಕಲ್ಲಿನ ಮೇಲಿದ್ದರೆ ಚರಿತ್ರೆ ಅಂದರ ಹೆಂಗ? ಆ ಕಲ್ಲಿನಿಂದ ನಾವು ತಗೊಳ್ಳಬಹುದಾದದ್ದು ಬೇರೆ: ರಾಮಯ್ಯ ಎಂಬವನು ಇದ್ದ, ಅಬ್ಬಲೂರಿನಲ್ಲಿ ಜೈನರೊಡನೆ ಅವನ ಜಗಳ ನಡೆಯಿತು, ಅವನ ಗುಡಿಗೆ ಇಂಥಿಂಥ ಅರಸರು ಇಂಥಿಂಥ ಊರು ಬಿಟ್ಟರು. ದತ್ತಿಯ ಭಾಗ ಅಂದಿನ ಲೆಕ್ಕಪತ್ರ. ಅದರಲ್ಲಿ ಸುಳ್ಳು ಬರೆದರೆ ಪಕ್ಕದ ಊರಿನವರು ಸುಮ್ಮನಿರುತ್ತಿರಲಿಲ್ಲ. ತಲೆಯ ಭಾಗ ಗೆದ್ದವರ ಕೀರ್ತನೆ. ಒಂದೇ ಕಲ್ಲಿನಲ್ಲಿ ಎರಡೂ ಇವೆ. ಬೇರೆ ಮಾಡುವ ಕೆಲಸ ಓದುವವನದು. ಇನ್ನೊಂದನ್ನೂ ನೆನಪಿಡಬೇಕು: ಜಿನಬಿಂಬ ಒಡೆಸಿಕೊಂಡವರ ಮಾತು ಆ ಕಲ್ಲಿನಲ್ಲಿ ಒಂದು ಸಾಲೂ ಇಲ್ಲ.

ಎರಡನೆಯದು, ಕಲ್ಲಿನ ಮೇಲೆ ಮೊದಲು ಹೆಸರು ಬಂದವನೇ ಸ್ಥಾಪಕ ಎಂದು ಹೇಳಿದ್ದರಲ್ಲಿ. ಅದಕ್ಕೆ ಆ ಶಾಸನದ ಒಳಗೇ ಉತ್ತರ ಇದೆ. ಸೋಮೇಶ್ವರನ ಸಭೆಯಲ್ಲಿ ಹಳೆಯ ಮತ್ತು ಹೊಸ ಶಿವಭಕ್ತರ ಕತೆಗಳನ್ನು ಹೇಳಿಸಿದರು ಎಂದು ಅದು ಹೇಳುತ್ತದೆ. ಆ ಸೋಮೇಶ್ವರ ಆಳಿದ್ದು ೧೧೮೪ರಿಂದ ಈಚೆಗೆ. ಅಂದರೆ ಆ ಹೊತ್ತಿಗಾಗಲೇ ಕತೆ ಹೇಳುವಷ್ಟು ಹೆಸರಾದ "ಹೊಸ" ಭಕ್ತರು ಒಬ್ಬರಲ್ಲ, ಹಲವರು ಇದ್ದರು. ರಾಮಯ್ಯ ಒಬ್ಬನೇ ಅಲ್ಲ ಎಂದು ರಾಮಯ್ಯನ ಕಲ್ಲೇ ಸಾಕ್ಷಿ ನುಡಿಯುತ್ತದೆ. ಇಷ್ಟಲಿಂಗದ ಮಾತು, ಕಾಯಕದ ಮಾತು, ಕುಲ ಒಡೆಯುವ ಮಾತು ರಾಮಯ್ಯನ ಕತೆಯಲ್ಲಿ ಇಲ್ಲ. ಇರುವುದು ಗುಡಿ, ಪಣ, ದತ್ತಿ.

ವಿಚಿತ್ರವೆಂದರೆ ಇದೇ ಫ್ಲೀಟ್ ನಮ್ಮ ಜನರ ಲಾವಣಿಗಳನ್ನೂ ಸಂಗ್ರಹಿಸಿದವನು. ಸಂಗೊಳ್ಳಿ ರಾಯಣ್ಣನ ಹಾಡನ್ನು, ಹಲಗಲಿ ಬೇಡರ ಹಾಡನ್ನು ಬರೆಸಿ ಅಚ್ಚು ಹಾಕಿಸಿದ. ಹಾಡಿನೊಳಗೂ ಚರಿತ್ರೆ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಸವಣ್ಣನ ವಿಷಯ ಬಂದಾಗ ಮಾತ್ರ ಕಲ್ಲು ತೋರಿಸು ಎಂದ.

೪

ಕಲ್ಲು ಎಂದರೆ ಏನು? ಅದನ್ನು ಯಾರು ಹಾಕಿಸುತ್ತಿದ್ದರು? ಈ ಪ್ರಶ್ನೆಯನ್ನು ನಮ್ಮ ಕೇರಿಯಿಂದ ನಿಂತು ಕೇಳಬೇಕು.

ಶಾಸನಗಳಲ್ಲಿ ಬಹುಪಾಲು ದಾನದ ಕಾಗದಗಳು. ಭೂಮಿ ಇದ್ದವನು ಕೊಟ್ಟ, ಗುಡಿಯವನು ತಗೊಂಡ, ಅರಸನ ಹೆಸರು ಮೇಲೆ ಬಿತ್ತು, ಸೀಮೆ ಬರೆದರು, ಅಳಿಸಿದವನಿಗೆ ಶಾಪ ಹಾಕಿದರು. ಕೊಡಲಿಕ್ಕೆ ಭೂಮಿ ಇಲ್ಲದವನು, ತಗೊಳ್ಳಲಿಕ್ಕೆ ಯೋಗ್ಯತೆ ಇಲ್ಲ ಎಂದು ಹೇಳಿಸಿಕೊಂಡವನು ಆ ಕಲ್ಲಿನೊಳಗೆ ಹೇಗೆ ಬರಬೇಕು? ಕಲ್ಲು ಒಡೆದವನು, ಬಂಡಿಯ ಮೇಲೆ ಹೇರಿದವನು, ಬಂಡಿಯ ಎತ್ತಿನ ಮಿಣಿಯ ತೊಗಲು ಹದ ಮಾಡಿದವನು ಎಲ್ಲರೂ ಇದ್ದರು. ಅವರಿಲ್ಲದೆ ಕಲ್ಲು ನಿಂತಿಲ್ಲ. ಅವರ ಹೆಸರು ಅಲ್ಲಿಲ್ಲ.

ನನ್ನ ಮುತ್ತಜ್ಜ ಇದ್ದನೆಂಬುದಕ್ಕೆ ನನ್ನ ಹತ್ತಿರ ಒಂದು ಚೂರು ಕಾಗದ ಇಲ್ಲ. ಹೊಲ ಇರಲಿಲ್ಲ, ಪಹಣಿ ಇಲ್ಲ. ಸಾಲಿಗೆ ಹೋಗಲಿಲ್ಲ, ದಾಖಲೆ ಇಲ್ಲ. ಗೌಡರ ಮನೆಯ ಲೆಕ್ಕದ ಪುಸ್ತಕದಲ್ಲಿ ಸಾಲದ ಬಾಕಿಯಾಗಿ ಅವನ ಹೆಸರು ಇದ್ದರೆ ಇದ್ದೀತು. ಆದರೂ ಅವನು ಇದ್ದ; ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಾಗದ ಇದ್ದಲ್ಲಿಯೂ ಅದು ಖರೇ ಎಂದಲ್ಲ. ನಮ್ಮ ಓಣಿಯ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಹುಟ್ಟಿದ್ದು ಜೂನ್ ೧ರಂದು. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಹಾಕಿದ ದಿನ ಅದು. ಸರಕಾರದ ಮುದ್ರೆ ಇದೆ, ಸಹಿ ಇದೆ, ದಿನ ಮಾತ್ರ ಸುಳ್ಳು. ಆದರೆ ಹುಡುಗ ಸುಳ್ಳಲ್ಲ.

ಹಂಗಂತ ಕಲ್ಲು ಇಲ್ಲದ್ದೇ ಒಂದು ಪುರಾವೆ ಎಂದು ಕುಣಿಯಬಾರದು. ಇಲ್ಲಿ ನಾವು ಎಚ್ಚರ ತಪ್ಪುತ್ತೇವೆ. ಮೌನಕ್ಕೂ ತೂಕ ಇದೆ, ಮಾತು ಬರಬೇಕಾದ ಜಾಗದಲ್ಲಿ ಬರದಿದ್ದರೆ. ಬಿಜ್ಜಳನ ಶಾಸನಗಳು ಬೇಕಾದಷ್ಟು ಸಿಕ್ಕಿವೆ. ಅವನ ದಂಡನಾಯಕರ, ಅಧಿಕಾರಿಗಳ ಹೆಸರುಗಳು ಅವುಗಳಲ್ಲಿ ಬರುತ್ತವೆ. ಬಸವಣ್ಣ ಪುರಾಣಗಳು ಹೇಳುವಂತೆ ರಾಜ್ಯವನ್ನೇ ಕೈಯಲ್ಲಿಟ್ಟುಕೊಂಡ ಮಹಾಮಂತ್ರಿಯಾಗಿದ್ದರೆ ಅವನ ಹೆಸರು ಬರಬೇಕಿತ್ತು. ಮಾದಾರ ಚೆನ್ನಯ್ಯನ ಹೆಸರು ಬರದೇ ಇರುವುದು ಒಂದು ಥರದ ಮೌನ. ಮಹಾಮಂತ್ರಿಯ ಹೆಸರು ಬರದೇ ಇರುವುದು ಇನ್ನೊಂದು ಥರದ ಮೌನ. ಇದರಿಂದ ಬಸವಣ್ಣ ಇರಲಿಲ್ಲ ಎಂದು ಆಗುವುದಿಲ್ಲ. ಪುರಾಣ ಕೊಟ್ಟ ಪದವಿ ದೊಡ್ಡದಾಯಿತು ಎಂದು ಆಗುತ್ತದೆ. ಹರಿಹರ ಬಸವಣ್ಣನನ್ನು ಭಂಡಾರದ ಲೆಕ್ಕದ ಕೆಲಸದಿಂದ ಮೇಲೆ ಬಂದವನೆಂದು ಹೇಳುತ್ತಾನೆ. ಅದು ನೆಲಕ್ಕೆ ಹತ್ತಿರದ ಮಾತು.

೫

ಇನ್ನು ಬಸವಣ್ಣನ ಪರವಾದ ಸಾಕ್ಷಿಗಳನ್ನು ಒಂದೊಂದಾಗಿ ಕರೆಯೋಣ.

ಮೊದಲನೆಯ ಸಾಕ್ಷಿ, ಕಲ್ಲೇ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ. ಕ್ರಿ.ಶ. ೧೨೬೦ರದು, ಸೇವುಣರ ಕನ್ನರನ ಕಾಲದ್ದು. ಫ್ಲೀಟ್ ಬರೆಯುವಾಗ ಇದು ಅವನ ಮುಂದೆ ಇರಲಿಲ್ಲ. ಬಾಗೇವಾಡಿ, ಮಾದಿರಾಜ, ಅವನ ಮಗ ಬಸವರಾಜ, ಸಂಗಮದ ಭಕ್ತಿ ಎಲ್ಲ ಇದರಲ್ಲಿ ಬರುತ್ತವೆ. ದಾನ ಪಡೆದ ಹಾಲ ಬಸವಿದೇವ ಬಸವಣ್ಣನ ಅಣ್ಣನ ವಂಶದವನು ಎಂದು ಕಲ್ಲು ಹೇಳುತ್ತದೆ. ಬಿಜ್ಜಳನ ಆಳಿಕೆ ಮುಗಿದದ್ದು ೧೧೬೭ರ ಸುಮಾರಿಗೆ. ನಡುವೆ ತೊಂಬತ್ತು ಚಿಲ್ಲರೆ ವರ್ಷ. ಮೂರು ತಲೆಮಾರು, ಅಷ್ಟೇ.

ಈ ಸಾಕ್ಷಿಗೆ ಲಾಭ ಇಲ್ಲವೇ? ಇದೆ. ದೊಡ್ಡವನ ಸಂಬಂಧಿ ಎಂದು ಹೇಳಿಕೊಂಡರೆ ದಾನ ಸಿಗುತ್ತದೆ. ಸಂಬಂಧ ಕಟ್ಟಿಕೊಂಡದ್ದೂ ಇರಬಹುದು. ಖರೆ ಒಂದು ಮಾತು: ಇಲ್ಲದವನ ಹೆಸರು ಹೇಳಿ ಮೂರೇ ತಲೆಮಾರಿನೊಳಗೆ ಊರು ಹೊಲ ಗಿಟ್ಟಿಸುವುದು ಸುಲಭವಲ್ಲ. ಹೆಸರಿಗೆ ಬೆಲೆ ಇದ್ದರೇ ಅದನ್ನು ಬಳಸುತ್ತಾರೆ. ಇದಾದ ಮೇಲೂ ಬಸವಣ್ಣನನ್ನೂ ಬೇರೆ ಶರಣರನ್ನೂ ಹೆಸರಿಸುವ ಶಾಸನಗಳು ಸಿಕ್ಕಿವೆ. ಎಂ. ಎಂ. ಕಲಬುರ್ಗಿಯವರು ಅವುಗಳನ್ನು ಕೂಡಿಸಿ 'ಶಾಸನಗಳಲ್ಲಿ ಶಿವಶರಣರು' ಎಂಬ ಪುಸ್ತಕ ಮಾಡಿದರು.

ಎರಡನೆಯ ಸಾಕ್ಷಿ, ಕವಿಗಳು. ಹರಿಹರನ ಬಸವರಾಜದೇವರ ರಗಳೆ ಕನ್ನಡದ್ದು, ನಮಗೆ ಪೂರ್ತಿಯಾಗಿ ಸಿಕ್ಕಿಲ್ಲ. ಪಾಲ್ಕುರಿಕೆ ಸೋಮನಾಥನ ಬಸವಪುರಾಣ ೧೩ನೆಯ ಶತಮಾನದ್ದು, ತೆಲುಗಿನದು. ೧೩೬೯ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಹರಿಹರನ ಕತೆಗೂ ಸೋಮನಾಥನ ಕತೆಗೂ ಎಷ್ಟೋ ಕಡೆ ತಾಳೆ ಇಲ್ಲ. ವಕೀಲರು ಇದನ್ನು ದೋಷ ಎನ್ನುತ್ತಾರೆ. ಚರಿತ್ರೆಯಲ್ಲಿ ಇದು ಒಂದು ಗುಣ. ಇಬ್ಬರೂ ಒಂದೇ ಪುಸ್ತಕ ನೋಡಿ ಬರೆದಿಲ್ಲ ಎಂದು ಅದರಿಂದ ಗೊತ್ತಾಗುತ್ತದೆ. ಬೇರೆ ಬೇರೆ ಬಾಯಿಂದ ಕೇಳಿ ಬರೆದ ಇವರೂ ಬಾಗೇವಾಡಿಯ ಹುಟ್ಟು, ಕೂಡಲ ಸಂಗಮ, ಬಿಜ್ಜಳನ ನೌಕರಿ ಇಷ್ಟನ್ನು ಒಪ್ಪುತ್ತಾರೆ. ಒಪ್ಪಿದ ಅಷ್ಟೇ ಜಾಗ ಗಟ್ಟಿ ನೆಲ.

ಮೂರನೆಯ ಸಾಕ್ಷಿ, ವೈರಿಗಳು. ಜೈನರ ಬಿಜ್ಜಳರಾಯ ಚರಿತೆ ಬಹಳ ತಡವಾಗಿ ಬಂದ ಕಾವ್ಯ. ಅದಕ್ಕೆ ಹೆಚ್ಚು ತೂಕ ಕೊಡಲಾಗದು. ಆದರೂ ಅದು ಬಸವಣ್ಣನನ್ನು ಬೈಯುತ್ತದೆಯೇ ಹೊರತು ಅವನು ಇರಲೇ ಇಲ್ಲ ಎನ್ನುವುದಿಲ್ಲ.

ನಾಲ್ಕನೆಯ ಸಾಕ್ಷಿ, ವಚನಗಳು. ಇಲ್ಲಿ ಬಹಳ ಹುಷಾರಿ ಬೇಕು. ನಮ್ಮ ಕೈಗೆ ಬಂದ ಓಲೆಗಳು ಹನ್ನೆರಡನೆಯ ಶತಮಾನದವಲ್ಲ. ೧೫ನೆಯ ಶತಮಾನದಿಂದ ಈಚೆಗೆ ಪ್ರತಿ ಮಾಡಿದವು. ೧೯೨೩ರಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚು ಹಾಕಿಸುವ ತನಕ ಅವು ಮಠದ ಅಟ್ಟದ ಮೇಲೆ, ಮನೆಯ ಮಾಡದೊಳಗೆ ಇದ್ದವು. ಪ್ರತಿ ಮಾಡುವಾಗ ಸೇರಿಸಿದ್ದುಂಟು, ಬಿಟ್ಟದ್ದುಂಟು, ಒಬ್ಬನದನ್ನು ಇನ್ನೊಬ್ಬನ ಹೆಸರಿಗೆ ಹಚ್ಚಿದ್ದುಂಟು. ಹಾಗಾದರೆ ಇವುಗಳಲ್ಲಿ ಗಟ್ಟಿ ಯಾವುದು? ಪ್ರತಿ ಮಾಡಿದವನಿಗೆ ಮುಜುಗರ ತರುವಂಥದು ಗಟ್ಟಿ. ತನ್ನ ಹುಟ್ಟನ್ನೇ ಚೆನ್ನಯ್ಯನ ಮನೆಗೆ, ಕಕ್ಕಯ್ಯನ ಮನೆಗೆ ತಂದು ಜೋಡಿಸಿಕೊಳ್ಳುವ ವಚನಗಳು ಬಸವಣ್ಣನವು ಎಂದು ಉಳಿದುಬಂದಿವೆ. ಮುಂದೆ ಜಾತಿ ಕಟ್ಟಿಕೊಂಡ ಮಠಗಳಿಗೆ ಇಂಥ ಮಾತನ್ನು ಹೊಸದಾಗಿ ಹುಟ್ಟಿಸುವ ಯಾವ ಅವಸರವೂ ಇರಲಿಲ್ಲ. ಅಳಿಸುವ ಅವಸರ ಇದ್ದೀತು. ಅಳಿಸಲಾಗದೆ ಉಳಿದದ್ದು ಅದು. ಬಸವಣ್ಣ ಇದ್ದ ಎಂಬುದಕ್ಕೆ ನಾನು ನಂಬುವ ದೊಡ್ಡ ಸಾಕ್ಷಿ ಇದೇ.

೬

ಲೋಕದ ಬೇರೆ ಗುರುಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿದ್ದಾರೆ. ಯೇಸುವಿನ ಕಾಲದಲ್ಲಿ ಬರೆದ ಒಂದು ಸಾಲೂ ಅವನ ಬಗ್ಗೆ ಉಳಿದಿಲ್ಲ. ಸುಮಾರು ಇಪ್ಪತ್ತು ವರ್ಷದ ಮೇಲೆ ಪೌಲನ ಪತ್ರಗಳು, ಮುಂದೆ ಸುಮಾರು ಕ್ರಿ.ಶ. ೯೩ರಲ್ಲಿ ಯೆಹೂದಿ ಇತಿಹಾಸಕಾರ ಜೋಸೆಫಸ್, ಸುಮಾರು ೧೧೬ರಲ್ಲಿ ರೋಮಿನ ಟ್ಯಾಸಿಟಸ್. ಇಷ್ಟನ್ನು ಇಟ್ಟುಕೊಂಡು ಯೇಸು ಎಂಬ ಮನುಷ್ಯ ಇದ್ದ, ಪಿಲಾತನ ಕಾಲದಲ್ಲಿ ಅವನನ್ನು ಶಿಲುಬೆಗೆ ಹಾಕಿದರು ಎಂಬಷ್ಟನ್ನು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ನೀರಿನ ಮೇಲೆ ನಡೆದದ್ದು ಬೇರೆ ಲೆಕ್ಕ. ಅಲ್ಲಿಯೂ ಮುಜುಗರದ ಮಾತೇ ಕೆಲಸಕ್ಕೆ ಬಂತು: ಗುಲಾಮರನ್ನು ಕೊಲ್ಲುವ ಹಾಗೆ ಕೊಲ್ಲಿಸಿಕೊಂಡ ಗುರುವನ್ನು ಯಾವ ಭಕ್ತನೂ ಸುಮ್ಮನೆ ಕಲ್ಪಿಸಿಕೊಳ್ಳುವುದಿಲ್ಲ. ೧೯೬೧ರಲ್ಲಿ ಸಿಸೇರಿಯಾದಲ್ಲಿ ಪಿಲಾತನ ಹೆಸರಿನ ಕಲ್ಲು ಸಿಕ್ಕಿತು. ಕೊಲ್ಲಿಸಿದವನಿಗೆ ಕಲ್ಲು ಇದೆ, ಸತ್ತವನಿಗೆ ಇಲ್ಲ. ನಮ್ಮಲ್ಲಿಯೂ ಬಿಜ್ಜಳನಿಗೆ ಕಲ್ಲಿಗೆ ಬರ ಇಲ್ಲ.

ಬುದ್ಧನಿಗೆ ಸಾಕ್ಷಿ ಕೊಟ್ಟವನು ಅಶೋಕ. ಬುದ್ಧ ಹುಟ್ಟಿದ ಜಾಗ ಇದು ಎಂದು ಅವನು ಲುಂಬಿನಿಯಲ್ಲಿ ನಿಲ್ಲಿಸಿದ ಕಂಬದ ಬರಹ ೧೮೯೬ರಲ್ಲಿ ಬೆಳಕಿಗೆ ಬಂತು. ಅದೂ ಬುದ್ಧ ತೀರಿಕೊಂಡು ಎಷ್ಟೋ ತಲೆಮಾರಿನ ಮೇಲಿನದು. ಅಶೋಕನನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಭೀಮೆಯ ದಂಡೆಗೆ, ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಇದೆ. ೧೯೮೬ರಲ್ಲಿ ಅದರ ಆವರಣದ ಕಾಳಿಯ ಗುಡಿಯ ಮಾಡು ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು ಆಮೇಲೆ ತಿಳಿಯಿತು. ಹತ್ತಿರದ ಕನಗನಹಳ್ಳಿಯಲ್ಲಿ ೧೯೯೪ರಿಂದ ಅಗೆದಾಗ ದೊಡ್ಡ ಸ್ತೂಪವೇ ಹೊರಬಂತು. ಅಶೋಕನ ಚಿತ್ರ, ಅದರ ಮೇಲೆ ಅವನ ಹೆಸರು ಬಂತು. ಎಷ್ಟು ಕಾಲ ಜನ ಆ ಕಲ್ಲಿನ ಮುಂದೆ ಕೈಮುಗಿದರು! ಅದು ಏನು ಹೇಳುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸಾಕ್ಷಿ ಇಲ್ಲ ಎಂದು ೧೯೮೫ರಲ್ಲಿ ಹೇಳಿದವನು ೧೯೮೬ರಲ್ಲಿ ಬಾಯಿ ಮುಚ್ಚಬೇಕಾಯಿತು. ಇದುವರೆಗೆ ಸಿಕ್ಕಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರ ಅಷ್ಟೇ.

೭

ಭೀಮೆ ಅಮರ್ಜೆ ಕೂಡುವಲ್ಲಿ, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರ ಇದೆ. ಅಲ್ಲಿನ ನರಸಿಂಹ ಸರಸ್ವತಿಯ ಚರಿತ್ರೆ ಗುರುಚರಿತ್ರೆ ಎಂಬ ಮರಾಠಿ ಗ್ರಂಥದಲ್ಲಿದೆ. ಬರೆದವನು ಸರಸ್ವತಿ ಗಂಗಾಧರ, ಗುರುವಿನ ಶಿಷ್ಯನೊಬ್ಬನ ವಂಶದವನು, ತಲೆಮಾರುಗಳ ಮೇಲೆ ಬಂದವನು. ಗುರು ಇದ್ದ ಎಂಬುದನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ಊರು, ನದಿ, ಶಿಷ್ಯರ ಮನೆತನ ಎಲ್ಲ ನೆಲದ ಮೇಲಿವೆ. ಆ ಗ್ರಂಥದ ಒಂದು ಕತೆಯನ್ನು ಮಾತ್ರ ನಮ್ಮವರು ಓದಲೇಬೇಕು. ಅಹಂಕಾರದ ಇಬ್ಬರು ಬ್ರಾಹ್ಮಣ ಪಂಡಿತರು ವಾದಕ್ಕೆ ಬರುತ್ತಾರೆ. ಗುರು ದಾರಿಯಲ್ಲಿ ಹೊರಟಿದ್ದ ಒಬ್ಬ ಹೊಲೆಯನನ್ನು ಕರೆಸಿ, ಗೆರೆ ದಾಟಿಸಿ, ಭಸ್ಮ ಹಚ್ಚಿ ಅವನ ಬಾಯಿಂದ ವೇದ ಹೇಳಿಸುತ್ತಾನೆ. ಪಂಡಿತರು ಸೋಲುತ್ತಾರೆ. ಆಮೇಲೆ? ತಾನು ಬ್ರಾಹ್ಮಣನೇ ಆದೆ ಎಂದುಕೊಂಡ ಆ ಮನುಷ್ಯನ ಮೈಮೇಲಿನ ಭಸ್ಮವನ್ನು ತೊಳೆಸುತ್ತಾರೆ. ಅವನು ಮತ್ತೆ ತನ್ನ ಕೇರಿಗೆ.

ಇದು ನಡೆಯಿತೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ನಡೆಯದ ಕತೆಯೂ ಬರೆದವನ ಕಾಲಕ್ಕೆ ಸಾಕ್ಷಿ. ಒಬ್ಬ ಹೊಲೆಯ ವೇದ ಹೇಳಿದರೆ ಅದು ಪವಾಡ ಆಗಬೇಕು, ಪವಾಡ ಮುಗಿದ ಮೇಲೆ ಅವನು ವಾಪಸು ಹೋಗಬೇಕು ಎಂಬ ಮನಸ್ಸು ಆ ಕಾಲದಲ್ಲಿ ಇತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಡ. ಇದನ್ನು ಬಸವಣ್ಣನ ವಚನದ ಪಕ್ಕ ಇಟ್ಟು ನೋಡ್ರಿ. ಅಲ್ಲಿ ಕೇರಿಯವನನ್ನು ಮೇಲೆ ಎತ್ತಿ ಮತ್ತೆ ಇಳಿಸುವುದಿಲ್ಲ. ಮೇಲಿನವನೇ ಕೇರಿಗೆ ಇಳಿದು ಸಂಬಂಧ ಹೇಳಿಕೊಳ್ಳುತ್ತಾನೆ.

ಜೇವರ್ಗಿಯ ಕಡೆಯಿಂದ ಎರಡು ಪಾಠ ಇವೆ. ಅಖಂಡೇಶ್ವರ ಅಂಕಿತದ ಷಣ್ಮುಖಸ್ವಾಮಿ ೧೭ನೆಯ ಶತಮಾನದಲ್ಲಿ ಜೇವರ್ಗಿಯಲ್ಲಿ ವಚನ ಬರೆದ. ಹನ್ನೆರಡನೆಯ ಶತಮಾನದ ಶರಣರನ್ನು ಅವನು ಭಕ್ತಿಯಿಂದ ನೆನೆಯುತ್ತಾನೆ. ಐನೂರು ವರ್ಷದ ಮೇಲೆ ನೆನೆದದ್ದು ನೆನಪು ಬಾಳಿತು ಎಂಬುದಕ್ಕೆ ಸಾಕ್ಷಿ, ಶರಣರು ಇದ್ದರು ಎಂಬುದಕ್ಕಲ್ಲ. ಎರಡನೆಯದು ಅರಳಗುಂಡಗಿ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ ಊರು. ಅವರ ಕಾಲ ೧೭೪೬ರಿಂದ ೧೮೨೨. ನಿನ್ನೆ ಮೊನ್ನೆಯವರು, ಇದ್ದರು ಎಂಬುದರಲ್ಲಿ ಯಾರಿಗೂ ಅನುಮಾನ ಇಲ್ಲ. ಆದರೂ ಅವರ ಸುತ್ತ ಎಷ್ಟು ಪವಾಡಗಳು ಬೆಳೆದು ನಿಂತಿವೆ! ಇನ್ನೂರು ವರ್ಷದೊಳಗೆ ಇಷ್ಟು ಬೆಳೆಯುವುದಾದರೆ ಎಂಟುನೂರು ವರ್ಷದೊಳಗೆ ಎಷ್ಟು? ಪವಾಡ ಇದೆ ಎಂದ ಮಾತ್ರಕ್ಕೆ ಮನುಷ್ಯ ಇರಲಿಲ್ಲ ಎಂದಲ್ಲ. ಮನುಷ್ಯ ಇದ್ದ ಎಂದ ಮಾತ್ರಕ್ಕೆ ಪವಾಡ ಖರೇ ಎಂದೂ ಅಲ್ಲ.

೮

ಈಗ 'ನಮ್ಮವರ' ಸರದಿ. ಬೇರೆಯವರ ಪುರಾಣಕ್ಕೆ ಹಚ್ಚಿದ ಒರೆಗಲ್ಲನ್ನು ನಮ್ಮ ಪ್ರೀತಿಯ ಕತೆಗಳಿಗೂ ಹಚ್ಚದಿದ್ದರೆ ನಾವೂ ಇನ್ನೊಂದು ಮಠ ಕಟ್ಟಿದ ಹಾಗೆ.

ಮಾದಾರ ಚೆನ್ನಯ್ಯನ ಕತೆ ಅವನನ್ನು ಕರಿಕಾಲ ಚೋಳನ ಲಾಯಕ್ಕೆ ಹುಲ್ಲು ತರುವವನನ್ನಾಗಿ ಮಾಡುತ್ತದೆ. ಕರಿಕಾಲ ಚೋಳ ತಮಿಳಿನ ಸಂಗಂ ಕಾಲದವನು, ಬಸವಣ್ಣನಿಗಿಂತ ಸಾವಿರ ವರ್ಷ ಹಿಂದಿನವನು. ಅವನ ಕಾಲಕ್ಕೆ ಕನ್ನಡ ವಚನ ಬರೆದ ಚೆನ್ನಯ್ಯ ಇರಲಾರ. ಚೋಳನ ಕತೆ ಬಿದ್ದುಹೋಗುತ್ತದೆ. ಬಿದ್ದ ಮೇಲೆ ಉಳಿಯುವುದೇನು? ಬಸವಣ್ಣನ ಬಾಯಲ್ಲಿ ಬರುವ ಹೆಸರು, ಮತ್ತು ಚೆನ್ನಯ್ಯನವು ಎನ್ನುವ ಕೆಲವು ವಚನಗಳು. ಹನ್ನೆರಡನೆಯ ಶತಮಾನದಲ್ಲಿ ಒಬ್ಬ ಮಾದಿಗ ಭಕ್ತನ ಹೆಸರು ಕಲ್ಯಾಣದಲ್ಲಿ ಹಿರಿಯನ ಹೆಸರಾಗಿತ್ತು. ಅಷ್ಟು ನಿಲ್ಲುತ್ತದೆ. ಡೋಹರ ಕಕ್ಕಯ್ಯನಿಗೂ ಅದೇ ಸಾಕ್ಷಿ. ಜೊತೆಗೆ ಅವನ ಹೆಸರಿನಲ್ಲಿ ಆರು ವಚನಗಳು, ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಅವನ ಸಮಾಧಿ ಎನ್ನುವ ಊರ ನೆನಪು.

ಹರಳಯ್ಯನದು ಕಷ್ಟದ ಪ್ರಶ್ನೆ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದರು, ಬಿಜ್ಜಳ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ, ಕಲ್ಯಾಣ ಹೊತ್ತಿ ಉರಿಯಿತು. ಈ ಕತೆ ಕೇಳಿ ಬೆಳೆದವರು ನಾವು. ನಾಟಕಗಳಲ್ಲಿ, ಹಾಡುಗಳಲ್ಲಿ, ನಮ್ಮ ಕವಿತೆಗಳಲ್ಲಿ ಇದು ಬಂದಿದೆ. ಆದರೆ ಹಳೆಯ ಬಸವಪುರಾಣದಲ್ಲಿ ಇರುವುದು ಬಿಜ್ಜಳ ಇಬ್ಬರು ಭಕ್ತರ ಕಣ್ಣು ಕೀಳಿಸಿದ ಎಂಬಷ್ಟೇ. ಮದುವೆಯ ಕತೆ ಪೂರ್ತಿಯಾಗಿ ಮೈತುಂಬಿ ನಿಂತದ್ದು ಮುಂದಿನ ಪುರಾಣಗಳಲ್ಲಿ. ಇದನ್ನು ಬರೆಯುವಾಗ ನನ್ನ ಕೈ ಭಾರವಾಗುತ್ತದೆ. ಆದರೂ ಬರೆಯಬೇಕು.

ಯಾಕಂದ್ರ, ಮೆತ್ತನೆಯ ನೆಲದ ಮೇಲೆ ನಾವು ಮನೆ ಕಟ್ಟಿದರೆ ಅದನ್ನು ಕೆಡವಲು ಕಾದವರು ಬಹಳ ಮಂದಿ ಇದ್ದಾರೆ. ಮದುವೆ ನಡೆದೇ ಇಲ್ಲ, ಆದ್ದರಿಂದ ಕಲ್ಯಾಣದಲ್ಲಿ ಜಾತಿಯ ಜಗಳವೇ ಇರಲಿಲ್ಲ ಎಂದು ನಾಳೆ ಒಬ್ಬ ಪಂಡಿತ ಬರೆಯುತ್ತಾನೆ. ಅವನಿಗೆ ಈಗಲೇ ಉತ್ತರ ಸಿದ್ಧ ಇರಬೇಕು. ಮದುವೆಗೆ ಹಳೆಯ ಸಾಕ್ಷಿ ಇಲ್ಲ, ಒಪ್ಪಿದೆವು. ಭಕ್ತರಿಗೆ ಅರಸ ಕೊಟ್ಟ ಹಿಂಸೆಗೆ ಹಳೆಯ ಸಾಕ್ಷಿ ಇದೆ. ಜಾತಿ ಒಡೆದ ಮಾತಿಗೆ ವಚನಗಳ ಸಾಕ್ಷಿ ಇದೆ. ಕೇರಿಯವರ ಹೆಸರನ್ನು ಹಿರಿಯರ ಹೆಸರಾಗಿ ಹಿಡಿದದ್ದಕ್ಕೆ ಸಾಕ್ಷಿ ಇದೆ. ಇಷ್ಟು ಸಾಕು. ಇದಿಷ್ಟೂ ಕೆಡವಲಾಗದ ಗೋಡೆ. ಜೊತೆಗೆ, ಮುಂದಿನ ಪುರಾಣದವರು ಅರಸು ಬಿದ್ದ ಕಾರಣ ಹುಡುಕುವಾಗ ಅವರಿಗೆ ಹೊಳೆದದ್ದು ಒಂದು ಜಾತಿ ಮೀರಿದ ಮದುವೆ ಎಂಬುದೂ ಚರಿತ್ರೆಯೇ. ಯಾವುದು ಮುಟ್ಟಿದರೆ ಈ ವ್ಯವಸ್ಥೆ ಹೊತ್ತಿಕೊಳ್ಳುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

೯

ಹಾಗಾದರೆ ತೀರ್ಪು ಏನು? ಆಳಂದೆಯ ರಾಮಯ್ಯ ಇದ್ದ. ಗುಡಿ ಗೆದ್ದ, ದತ್ತಿ ಪಡೆದ, ಅವನ ತಲೆ ಕೊನೆಯ ತನಕ ಅವನ ಹೆಗಲ ಮೇಲೇ ಇತ್ತು. ಬಾಗೇವಾಡಿಯ ಬಸವಣ್ಣ ಇದ್ದ. ಪುರಾಣ ಹೇಳುವಷ್ಟು ದೊಡ್ಡ ಮಂತ್ರಿಯಲ್ಲ, ಜಾಣರು ಹೇಳುವ ಹಾಗೆ ಬರೇ ಕತೆಯೂ ಅಲ್ಲ. ಧರ್ಮದ ಸ್ಥಾಪಕ ಒಬ್ಬನೇ ಇರಬೇಕು, ಅವನ ಹೆಸರು ಕಲ್ಲಿನ ಮೇಲೆ ಇರಬೇಕು ಎಂಬುದು ಅರಸರ ಲೆಕ್ಕ. ಕಲ್ಯಾಣದಲ್ಲಿ ನಡೆದದ್ದನ್ನು ಅಂಬಿಗ, ಮಡಿವಾಳ, ಮಾದಿಗ, ಡೋಹರ, ಕಸ ಗುಡಿಸುವ ಹೆಣ್ಣುಮಗಳು ಎಲ್ಲರೂ ಕೂಡಿ ಮಾಡಿದರು. ಬಸವಣ್ಣ ಅವರ ನಡುವೆ ಕೂತಿದ್ದ. ಅವರನ್ನೆಲ್ಲ ತೆಗೆದುಹಾಕಿ ಅವನೊಬ್ಬನನ್ನೇ ಉಳಿಸಿದರೆ ಉಳಿದದ್ದು ಬಸವಣ್ಣ ಅಲ್ಲ, ಪುತ್ಥಳಿ.

ಇಂಥ ಲೆಕ್ಕ ಹಾಕುವುದು ನಿರಪಾಯದ ಕೆಲಸವಲ್ಲ. ಶಾಸನ ಓದಿ, ಓಲೆ ಬಿಚ್ಚಿ, ಕಂಡದ್ದನ್ನು ಕಂಡಹಾಗೆ ಬರೆದ ಕಲಬುರ್ಗಿಯವರನ್ನು ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಸಾಕ್ಷಿಗೆ ಅಂಜುವವರು ಸಾಕ್ಷಿ ಹುಡುಕುವವನನ್ನು ಕೊಲ್ಲುತ್ತಾರೆ.

ಗೆಳೆಯರೇ, ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಅಗಸಿಯ ಹತ್ತಿರ, ಹಾಳುಗುಡಿಯಲ್ಲಿ, ಬಾವಿಯ ಕಟ್ಟೆಯಲ್ಲಿ ಅಕ್ಷರದ ಕಲ್ಲುಗಳು ಬಿದ್ದಿವೆ. ಕೆಲವಕ್ಕೆ ಎಣ್ಣೆ ಸುರಿಯುತ್ತಾರೆ, ಕೆಲವಕ್ಕೆ ಪೇಂಟು ಬಳಿಯುತ್ತಾರೆ, ಕೆಲವಕ್ಕೆ ಮೇಲೆ ಕೂತು ಅರಿವೆ ಒಗೆಯುತ್ತಾರೆ. ನಿಮ್ಮೂರಿನ ಕಲ್ಲು ಎಲ್ಲಿದೆ ಎಂದು ಮೊದಲು ನೋಡಿಕೊಳ್ರಿ. ಪೇಂಟು ಬಳಿಯುವ ಮೊದಲು ಫೋಟೊ ತೆಗೀರಿ, ಓದಬಲ್ಲವರಿಗೆ ತೋರಿಸ್ರಿ. ಹಾಗೆಯೇ ನಿಮ್ಮ ಕೇರಿಯ ಮುದುಕಿಯರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳಲ್ಲಿ ಯಾರ ಯಾರ ಹೆಸರು ಬರುತ್ತವೆ ಎಂದು ಕೇಳಿ ಬರಕೊಳ್ರಿ. ಯಾರು ಹಾಡಿದರು, ಯಾವ ಊರು, ಯಾವ ದಿನ ಎಂದು ಕೆಳಗೆ ಬರೀರಿ. ಕಲ್ಲನ್ನೂ ಹಾಡನ್ನೂ ಎದುರು ಬದುರು ಕೂಡಿಸಿ ಕೇಳುವ ಕೆಲಸ ಇನ್ನೂ ಆಗಿಲ್ಲ. ಅದನ್ನು ಬೇರೆ ಯಾರೋ ಬಂದು ಮಾಡಿಕೊಡುತ್ತಾರೆ ಎಂದು ಕಾಯುವುದು ಬೇಡ. ನಾವು ಓದು ಕಲಿತ ಮೊದಲ ತಲೆಮಾರು. ಮೊದಲ ಓದು ಈ ಕಲ್ಲುಗಳದ್ದಾಗಲಿ.